ಸ್ಟೇರಿಂಗ್‌ನಲ್ಲಿ ಪ್ಲೇ ಉಂಟು

ಚುಕ್ಕಾಣಿ ಒಳ್ಳೆಯ ಪದ. ಪತ್ರಿಕೆಗಳ ರಾಜಕೀಯ ಪುಟದಲ್ಲಿ ವಾರಕ್ಕೊಬ್ಬರಾದರೂ ಅದನ್ನು ಹಿಡಿಯುತ್ತಾರೆ, ಇಲ್ಲವೇ ಇನ್ನೊಬ್ಬರ ಕೈಗೆ ಬಿಟ್ಟುಕೊಡುತ್ತಾರೆ. ದಕ್ಷಿಣ ಕನ್ನಡದ ಬಿ.ಸಿ. ರೋಡಿನ ಗ್ಯಾರೇಜುಗಳಲ್ಲಿ ಮಾತ್ರ ಅದಕ್ಕೆ ಪ್ರವೇಶವಿಲ್ಲ. ಅಲ್ಲಿರುವುದು ಸ್ಟೇರಿಂಗು. ಅದಕ್ಕೆ ಹಿಡಿಯುವ ಕಾಯಿಲೆಯ ಹೆಸರು ಪ್ಲೇ. "ಸ್ಟೇರಿಂಗ್‌ನಲ್ಲಿ ಪ್ಲೇ ಉಂಟು ಮಾರಾಯ್ರೆ" ಎಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಅರ್ಥ ಒಂದೇ: ಕೈ ತಿರುಗಿದರೂ ಗಾಡಿ ತಿರುಗಲು ಮನಸ್ಸು ಮಾಡುವ ಮೊದಲು ನಡುವೆ ಒಂದಿಷ್ಟು ಖಾಲಿ ಜಾಗ ಉಂಟು.

ತಮಾಷೆ ಏನೆಂದರೆ, ಬಂಟ್ವಾಳ ಬೆಳೆದದ್ದೇ ದೋಣಿಯಿಂದ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಸೀಮೆ ಹಾದುಹೋದಾಗ ಬಂಟ್ವಾಳ, ಮೂಡುಬಿದಿರೆ ಎರಡನ್ನೂ ಕಂಡಿದ್ದ. ಆ ಶತಮಾನದುದ್ದಕ್ಕೂ ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಬಂದು ಬಂಟ್ವಾಳದಲ್ಲಿ ದೋಣಿ ಹತ್ತುತ್ತಿತ್ತು, ನೇತ್ರಾವತಿಯ ಮೇಲೆ ಮಂಗಳೂರಿಗೆ ತೇಲುತ್ತಿತ್ತು. ನೀರಿನಲ್ಲಿ ಚುಕ್ಕಾಣಿ ತಿರುಗಿದ ಮೇಲೆ ದೋಣಿ ಹೊರಳಲು ಹೊತ್ತು ಹಿಡಿಯುತ್ತದೆ. ಆ ತಡವನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಅಂಬಿಗ ತಿರುವಿಗೆ ಮುಂಚೆಯೇ ಕೈ ತಿರುಗಿಸಿರುತ್ತಿದ್ದ, ಅಷ್ಟೆ. ಮುಂದೆ ಶಿರಾಡಿ ಘಾಟಿಯಲ್ಲಿ ಹಳೆಯ ಲಾರಿ ಇಳಿಸುವ ಚಾಲಕರು ಕಲಿತದ್ದೂ ಇದೇ ವಿದ್ಯೆ.

ಹೊಳೆ ಕೊಟ್ಟದ್ದನ್ನು ಹೊಳೆಯೇ ಕಿತ್ತುಕೊಂಡಿತು. 1923ರ ನೆರೆ, 1974ರ ನೆರೆ ಎರಡೂ ಬಂಟ್ವಾಳದ ಹಳೆಯ ಪೇಟೆಯನ್ನು ಮುಳುಗಿಸಿದವು. ವ್ಯಾಪಾರ ಮೆಲ್ಲನೆ ಮೇಲೆ ರಸ್ತೆಗಳು ಕೂಡುವಲ್ಲಿಗೆ, ಬಂಟ್ವಾಳ ಕ್ರಾಸ್ ರೋಡಿಗೆ, ಸರಿಯಿತು. ಬಿ.ಸಿ. ರೋಡ್ ಎಂಬ ಹೆಸರಿನಲ್ಲಿ ಊರಿಗಿಂತ ರಸ್ತೆಯೇ ದೊಡ್ಡದಾಗಿರುವುದು ಅದಕ್ಕೇ. ಇಲ್ಲಿಂದ ಒಂದು ದಾರಿ ಮಾಣಿ, ಉಪ್ಪಿನಂಗಡಿ ದಾಟಿ ಶಿರಾಡಿ ಹತ್ತುತ್ತದೆ. ಅದು ಹಿಂದೆ ರಾಷ್ಟ್ರೀಯ ಹೆದ್ದಾರಿ 48, ಈಗ 75. ಇನ್ನೊಂದು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಸೇರುತ್ತದೆ. ಹಿಂದೆ 234, ಈಗ 73. ಮೂಡುಬಿದಿರೆಯ ಮೈಮೇಲೆ ಹಾಯುವುದು ಮಂಗಳೂರು–ಕಾರ್ಕಳ ದಾರಿ, ಸೊಲ್ಲಾಪುರದ ತನಕ ಹೋಗುತ್ತಿದ್ದ ಹಳೆಯ 13ರ ಬಾಲ, ಈಗ 169. ಈ ಮೂರು ದಾರಿಗಳ ಅಂಚಿನಲ್ಲೇ ಗ್ಯಾರೇಜುಗಳು ಬೆಳೆದವು. ಆದ್ದರಿಂದ ಸ್ಟೇರಿಂಗಿನ ಸಡಿಲಿನ ಕಥೆ ಎಂದರೆ ಅರ್ಧ ಪಾಲು ರಸ್ತೆಯ ಕಥೆ.

ಕರಾವಳಿಯ ದೇವಸ್ಥಾನದ ಪೇಟೆಗಳಲ್ಲಿ ರಥಬೀದಿಗೆ ಇಂಗ್ಲಿಷಿನಲ್ಲಿ ಕಾರ್ ಸ್ಟ್ರೀಟ್ ಎನ್ನುತ್ತಾರೆ. ಹೊರಗಿನವರು ಕಾರು ಹುಡುಕುತ್ತಾರೆ, ಅಲ್ಲಿ ಇರುವುದು ತೇರು. ತೇರಿಗೆ ಸ್ಟೇರಿಂಗ್ ಇಲ್ಲ. ನಾಲ್ಕು ಗಾಲಿಯೂ ನೇರ ಅಚ್ಚಿಗೆ ಕೂತಿರುತ್ತವೆ; ದಿಕ್ಕು ಬದಲಿಸಬೇಕಾದರೆ ಗಾಲಿಯ ಅಡಿಗೆ ಮರದ ಬೆಣೆ ಕೊಟ್ಟು, ಒಂದು ಬದಿಯನ್ನು ತಡೆದು, ಹಗ್ಗ ಎಳೆಯುವವರ ಬಲದಲ್ಲೇ ಹೊರಳಿಸಬೇಕು. ಎರಡು ಗಾಲಿಯ ಎತ್ತಿನ ಗಾಡಿಗೆ ಆ ಕಷ್ಟವಿಲ್ಲ, ಎತ್ತು ಹೋದತ್ತ ಗಾಡಿ. ನಾಲ್ಕು ಗಾಲಿಯ ಬಂಡಿಯನ್ನು ಸಲೀಸಾಗಿ ತಿರುಗಿಸುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮ್ಯೂನಿಕ್‌ನ ಸಾರೋಟು ಕೆಲಸಗಾರ ಲಾಂಕೆನ್ಸ್‌ಪರ್ಗರ್ ಕಂಡುಕೊಂಡ: ಇಡೀ ಅಚ್ಚನ್ನು ತಿರುಗಿಸುವ ಬದಲು ಒಂದೊಂದು ಗಾಲಿಯನ್ನೂ ತನ್ನದೇ ಗೂಟದ ಸುತ್ತ ತಿರುಗಿಸಿ, ಎರಡನ್ನೂ ಒಂದು ಕೋಲಿನಿಂದ ಜೋಡಿಸುವುದು. ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದದ್ದು ರುಡಾಲ್ಫ್ ಆಕರ್‌ಮನ್, 1818ರಲ್ಲಿ. ಹೆಸರೂ ಅವನದೇ ಆಯಿತು. ಆ ಗೂಟವೇ ಮುಂದೆ ಲಾರಿಯ ಕಿಂಗ್ ಪಿನ್, ಆ ಕೋಲೇ ಟೈರಾಡ್. ತಿರುಗುವ ಕೀಲು ಇದ್ದಲ್ಲಿ ಸವೆತ ಇದ್ದೇ ಇದೆ. ತೇರಿಗಿಲ್ಲದ ಕಾಯಿಲೆ ಕಾರಿಗೆ ಬಂದದ್ದು ಹೀಗೆ.

ಮೋಟಾರು ಈ ಜಿಲ್ಲೆಗೆ ಬಸ್ಸಿನ ರೂಪದಲ್ಲಿ ಬಂತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಶುರುವಾಯಿತು. ಜನರ ಬಾಯಲ್ಲಿ ಸಿ.ಪಿ.ಸಿ. ಆಗ ಸೌತ್ ಕೆನರಾ ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆ. ಕಬ್ಬಿಣದ ಕೆಲಸ ಅದಕ್ಕೂ ಮುಂಚೆಯೇ ಬೇರು ಬಿಟ್ಟಿತ್ತು. ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಯಂತ್ರದ ಕಾರ್ಯಾಗಾರವನ್ನೂ ನಡೆಸಿತ್ತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಒಬ್ಬರು ವೈದ್ಯ, ಒಬ್ಬರು ವ್ಯಾಪಾರಿ, ಮೂರನೆಯವರಾದ ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರ್. ಇದೇ ಕುಡ್ವರು ಕಟ್ಟಿದ ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಲಾರಿ, ಬಸ್ಸುಗಳ ಪಟ್ಟಿ ಸ್ಪ್ರಿಂಗ್ ಮಾಡಿ ಹೆಸರಾಯಿತು. ಬ್ಯಾಂಕು ಕಟ್ಟಿದ ಕೈಯೇ ಸ್ಪ್ರಿಂಗನ್ನೂ ಬಾಗಿಸಿದ್ದು ಈ ಜಿಲ್ಲೆಯ ಸ್ವಭಾವಕ್ಕೆ ಒಪ್ಪುವಂಥದ್ದೇ.

ಆ ಕಾಲದ ಬಸ್ಸು, ಲಾರಿಗಳಲ್ಲಿ ಮುಂದಿನ ಗಾಲಿ ಕಿಂಗ್ ಪಿನ್ನಿನ ಸುತ್ತ ತಿರುಗುತ್ತಿತ್ತು. ಪಿನ್ನು ಉಕ್ಕಿನದು, ಅದು ಕೂರುವ ಬುಷ್ ಹಿತ್ತಾಳೆಯದೋ ಗನ್‌ಮೆಟಲ್ಲಿನದೋ. ಸವೆದರೆ ಬಿಸಾಡುವ ಮಾತಿರಲಿಲ್ಲ. ಹಳೆಯ ಬುಷ್ ಹೊಡೆದು ತೆಗೆದು, ಲೇತಿನಲ್ಲಿ ಹೊಸದು ಕಡೆಸಿ, ರೀಮರ್ ಹಾಕಿ ಪಿನ್ನಿಗೆ ಹೊಂದಿಸುತ್ತಿದ್ದರು. ತೀರಾ ಬಿಗಿಯಾದರೆ ಸ್ಟೇರಿಂಗ್ ವಾಪಸು ಬರುವುದಿಲ್ಲ, ಸಡಿಲಾದರೆ ಹಾಕಿದ್ದೇ ದಂಡ. ಎಣ್ಣೆ ಸವರಿದ ಪಿನ್ನು ಹೆಬ್ಬೆರಳಿನ ಒತ್ತಿಗೆ ಒಳಗೆ ಇಳಿಯಬೇಕು, ತಾನಾಗಿ ಜಾರಬಾರದು. ಲಾರಿಯ ಕ್ಲೀನರ್ ಆಗಿ ಬಂದ ಹುಡುಗ ಗ್ರೀಸ್ ಗನ್ ಹಿಡಿದು, ನಿಪ್ಪಲ್ ಎಲ್ಲೆಲ್ಲಿದೆ ಎಂದು ಬಾಯಿಪಾಠ ಮಾಡಿ, ಒಂದು ದಿನ ತಾನೇ ಮೇಸ್ತ್ರಿಯಾಗುತ್ತಿದ್ದ. ಶಾಲೆ ಅದೇ, ಪರೀಕ್ಷೆಯೂ ಅದೇ.

ಗಮನಿಸಬೇಕಾದದ್ದು, ಇಷ್ಟೆಲ್ಲ ಸಡಿಲು ಇದ್ದರೂ ಯಾರಿಗೂ ಭಯವಿರಲಿಲ್ಲ. ರಸ್ತೆ ಓಡಲು ಬಿಟ್ಟರೆ ತಾನೆ? ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಅನಿಲದಿಂದ ಓಡಿದ ಬಸ್ಸುಗಳು ಏರಿನಲ್ಲಿ ಏದುಸಿರು ಬಿಡುತ್ತಿದ್ದವು. ಆಮೇಲೂ ಪಾಣೆಮಂಗಳೂರಿನ ಬ್ರಿಟಿಷ್ ಕಾಲದ ಸೇತುವೆಯ ಮೇಲೆ ಎದುರಿನ ಗಾಡಿಗೆ ದಾರಿ ಬಿಟ್ಟು ನಿಲ್ಲಬೇಕಿತ್ತು. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಅಲ್ಲಿಯ ತನಕ ಬಯಲುಸೀಮೆಗೆ ಹೋಗುವ ಬರುವ ಹೆಚ್ಚಿನ ಸರಕು ಘಟ್ಟದ ರಸ್ತೆಯ ಮೇಲೆಯೇ. ಚಾಲಕರು ಸ್ಟೇರಿಂಗಿನ ಖಾಲಿ ಜಾಗವನ್ನು ಕೈಯಲ್ಲೇ ತುಂಬಿಸಿಕೊಂಡು, ಸದಾ ಅತ್ತಿತ್ತ ಚೂರು ಆಡಿಸುತ್ತಾ ಓಡಿಸುತ್ತಿದ್ದರು. ಹಳೆಯ ಸಿನಿಮಾಗಳಲ್ಲಿ ನೆಟ್ಟಗಿನ ರಸ್ತೆಯಲ್ಲೂ ನಾಯಕ ಸ್ಟೇರಿಂಗನ್ನು ಅಲ್ಲಾಡಿಸುತ್ತಲೇ ಇರುವುದನ್ನು ನೋಡಿ ನಗುವವರಿದ್ದಾರೆ. ಆ ಕಾಲದ ಗಾಡಿ ಓಡಿಸಿದವರು ನಗುವುದಿಲ್ಲ.

ಕಾನೂನಿಗೂ ಈ ಔದಾರ್ಯವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚಿನ ಖಾಲಿ ಆಟ ಇರಬಾರದು ಎನ್ನುತ್ತದೆ. 30 ಡಿಗ್ರಿ ಅಂದರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದರವರೆಗೆ. 38 ಸೆಂಟಿಮೀಟರ್ ಅಗಲದ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ಹತ್ತು ಸೆಂಟಿಮೀಟರ್, ಒಂದು ಅಂಗೈ ಅಗಲ. ಘಟ್ಟ ಇಳಿಯುವ ಹಳೆಯ ಲಾರಿಗೆ ಅದು ಸರಿ. ಗಂಟೆಗೆ 90 ಕಿಲೋಮೀಟರಿನಲ್ಲಿ ಹೋಗುವ ಸಣ್ಣ ಕಾರಿನಲ್ಲಿ ಅಷ್ಟು ಆಟವಿದ್ದರೆ ಕೂರುವವರಿಗೆ ಗುಂಡಿಗೆ ಗಟ್ಟಿ ಇರಬೇಕು. ಲೆಕ್ಕ ಸರಳ. ಆ ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಮೂತಿ ಒಂದೇ ಒಂದು ಡಿಗ್ರಿ ಆಚೀಚೆ ಆದರೂ ಎರಡು ಸೆಕೆಂಡಿನಲ್ಲಿ ಗಾಡಿ ಮುಕ್ಕಾಲು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಅದೇ ತಪ್ಪು 36 ಕಿಲೋಮೀಟರ್ ವೇಗದಲ್ಲಿ ಆದರೆ ಒಂದಡಿ ಚಿಲ್ಲರೆ. ಸಡಿಲು ಮೊದಲಿನದೇ, ಅದನ್ನು ಹಿಗ್ಗಿಸಿ ತೋರಿಸಿದ್ದು ವೇಗ.

ಬೆಳ್ತಂಗಡಿಯ ಕಡೆ ಈ ಪಾಠವನ್ನು ಮೊದಲು ಹೇಳಿಕೊಟ್ಟದ್ದು ಜೀಪು. ಮಹೀಂದ್ರದವರು 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಯುದ್ಧಕ್ಕೆಂದು ಹುಟ್ಟಿದ ಈ ಗಾಡಿ ಮಲೆನಾಡಿನ ಅಂಚಿನ ಊರುಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಬಸ್ಸು ಹೋಗದ ತೋಟದ ದಾರಿ, ಸಂಕವಿಲ್ಲದ ತೋಡು, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆಯ ಹೆಂಗಸು, ಎಲ್ಲಕ್ಕೂ ಜೀಪೇ. ಬೆಳ್ತಂಗಡಿ, ಉಜಿರೆ, ಧರ್ಮಸ್ಥಳಗಳ ನಡುವೆ ಸರ್ವಿಸ್ ಜೀಪುಗಳು ಜನರನ್ನು ಒತ್ತಿ ತುಂಬಿಕೊಂಡು ಓಡಾಡುತ್ತಿದ್ದ ಕಾಲ ಇನ್ನೂ ಬಹಳ ಜನರ ನೆನಪಿನಲ್ಲಿದೆ. ಹಿಂದಿನ ಬಾಗಿಲಲ್ಲಿ ನೇತಾಡುವವರ ಲೆಕ್ಕವೇ ಬೇರೆ. ಹಿಂದೆ ಭಾರ ಹೆಚ್ಚಾದಷ್ಟು ಮುಂದಿನ ಗಾಲಿ ಹಗುರ. ಮುಂದಿನ ಗಾಲಿ ಹಗುರಾದಷ್ಟು ಸ್ಟೇರಿಂಗ್ ಅನಾಥ.

ಹಳೆಯ ಜೀಪಿನ ಸ್ಟೇರಿಂಗ್ ಒಂದು ಕೂಡುಕುಟುಂಬ. ಸ್ಟೇರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್, ಅದರಿಂದ ಚಾಸಿಯ ಅಡ್ಡಪಟ್ಟಿಗೆ ಕೂತ ಬೆಲ್‌ಕ್ರಾಂಕ್, ಬೆಲ್‌ಕ್ರಾಂಕಿನಿಂದ ಬಲಕ್ಕೊಂದು ಎಡಕ್ಕೊಂದು ಟೈರಾಡ್. ಬಾಕ್ಸ್ ಒಂದು, ಬೆಲ್‌ಕ್ರಾಂಕಿನ ಪಿನ್ನು ಒಂದು, ಮೂರು ಕೋಲುಗಳ ಆರು ತುದಿಗಳು: ಎಂಟು ಕಡೆ ಸವೆತಕ್ಕೆ ಅವಕಾಶ. ಒಂದೊಂದರಲ್ಲಿ ಕೂದಲೆಳೆಯಷ್ಟೇ ಸಡಿಲು ಇರಬಹುದು. ಹನಿ ಹನಿ ಕೂಡಿದರೆ ಹಳ್ಳ. ಹೊಸಬ ಮೆಕ್ಯಾನಿಕ್ ಬಾಕ್ಸ್ ಬಿಚ್ಚಿ ದಿನ ಕಳೆಯುತ್ತಿದ್ದ. ಅನುಭವಸ್ಥ ಮೊದಲು ಕೈ ಹಾಕುತ್ತಿದ್ದದ್ದು ಬೆಲ್‌ಕ್ರಾಂಕಿಗೆ. ಅದು ಗಾಡಿಯ ಹೊಟ್ಟೆಯಡಿಯಲ್ಲಿ, ಕೆಸರಿಗೆ ಮುಖ ಕೊಟ್ಟು ಕೂತಿರುತ್ತಿತ್ತು. ಬೇಗ ಸವೆಯುವುದೂ ಅದೇ.

ಜೀಪಿಗೆ ಇನ್ನೊಂದು ಚಾಳಿ ಇತ್ತು. 50, 60 ಕಿಲೋಮೀಟರ್ ವೇಗದಲ್ಲಿ ಒಂದು ಹೊಂಡಕ್ಕೆ ಬಿದ್ದು ಎದ್ದರೆ ಮುಂದಿನ ಎರಡೂ ಗಾಲಿಗಳು ತಲೆ ಕೊಡವುವ ಎತ್ತಿನಂತೆ ಆಚೀಚೆ ಬಡಿದುಕೊಳ್ಳುತ್ತಿದ್ದವು. ಸ್ಟೇರಿಂಗ್ ಹಿಡಿದ ಕೈಗೂ ಅದೇ ಗತಿ. ಬಹುತೇಕ ನಿಲ್ಲುವಷ್ಟು ನಿಧಾನ ಮಾಡಿದ ಮೇಲೆಯೇ ಶಾಂತಿ. ಇದಕ್ಕೆ ಇಂಗ್ಲಿಷಿನಲ್ಲಿ ಶಿಮ್ಮಿ ಎಂದು ಹೆಸರು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದಲ್ಲಿ ಹುಚ್ಚೆಬ್ಬಿಸಿದ ಭುಜ ಕುಣಿಸುವ ಒಂದು ನೃತ್ಯದ ಹೆಸರದು. 1920ರ ದಶಕದಲ್ಲಿ ಕಡಿಮೆ ಗಾಳಿಯ ದಪ್ಪ ಟೈರುಗಳು ಬಂದಾಗ ಜಗತ್ತಿನ ಕಾರುಗಳೆಲ್ಲ ಹೀಗೆ ಕುಣಿಯತೊಡಗಿದವು. ಫ್ರಾನ್ಸಿನ ಇಂಜಿನಿಯರ್ ಬ್ರೂಲಿಯೆ 1925ರಲ್ಲಿ ಅದರ ಶಾಸ್ತ್ರ ಬರೆದ. ಎಡಗಾಲಿ, ಬಲಗಾಲಿಗಳನ್ನು ಒಂದೇ ಅಚ್ಚಿಗೆ ಕಟ್ಟುವುದನ್ನು ಬಿಟ್ಟು ಬೇರೆ ಬೇರೆ ಆಡಲು ಬಿಟ್ಟರೆ ಇದು ಹೋಗುತ್ತದೆ ಎಂದು ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ ವಾದಿಸಿದ. ಆ ಕಂಪನಿಯ 1934ರ ಕಾರುಗಳಿಗೆ ಹಾಗೆಯೇ ಮಾಡಿದರು. ಜೀಪಿನದು ಮಾತ್ರ ಹಳೆಯ ಅಖಂಡ ಅಚ್ಚು. ಆದ್ದರಿಂದ ಅಮೆರಿಕ ಮರೆತ ಕುಣಿತವನ್ನು ಉಜಿರೆಯ ಮೆಕ್ಯಾನಿಕ್ ಮರೆಯುವಂತಿರಲಿಲ್ಲ.

ಅದಕ್ಕೆ ಮದ್ದು ಇದ್ದದ್ದು ಕಿಂಗ್ ಪಿನ್ನಿನ ಬೇರಿಂಗಿನಲ್ಲಿ. ಬೇರಿಂಗಿನ ಮುಚ್ಚಳದ ಅಡಿ ಕಾಗದದಷ್ಟು ತೆಳು ಉಕ್ಕಿನ ಹಾಳೆಗಳಿರುತ್ತವೆ, ಶಿಮ್ಮು. ಒಂದು ತೆಗೆದರೆ ಬಿಗಿ, ಒಂದು ಸೇರಿಸಿದರೆ ಸಡಿಲು. ಟೈರಾಡ್ ಬಿಚ್ಚಿ, ಗಾಲಿಯ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಎಷ್ಟು ಭಾರಕ್ಕೆ ಅಲುಗುತ್ತದೆ ಎಂದು ನೋಡಬೇಕೆಂಬುದು ಕಂಪನಿಯ ಪುಸ್ತಕದ ಕ್ರಮ. ಸಂತೆಯಲ್ಲಿ ಮೀನು ತೂಗುವ ಜಾತಿಯದೇ ತಕ್ಕಡಿ. ಪುಸ್ತಕ ಓದದವರು ಕೈಯಲ್ಲೇ ಎಳೆದು ತಿಳಿದುಕೊಳ್ಳುತ್ತಿದ್ದರು, ಮತ್ತು ಹೆಚ್ಚಾಗಿ ಸರಿಯಾಗಿಯೇ ತಿಳಿದುಕೊಳ್ಳುತ್ತಿದ್ದರು.

ಪೇಟೆಯ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ರಾಜ್ಯಭಾರ ಅಂಬಾಸಿಡರಿನದು, ಜೊತೆಗೆ ಅಲ್ಲಲ್ಲಿ ಫಿಯೆಟ್. ಇವೆರಡರ ಸ್ಟೇರಿಂಗ್ ಎರಡು ಪಂಥ. ದಪ್ಪ ಮೈಯ ಅಂಬಾಸಿಡರಿನಲ್ಲಿ ಇದ್ದದ್ದು ಇಂದಿನ ಕಾರುಗಳಲ್ಲಿ ಇರುವ ರ್‍ಯಾಕ್ ಜಾತಿಯದು: ಹಲ್ಲಿನ ಸರಳು, ಅದಕ್ಕೆ ಕೂತ ಹಲ್ಲಿನ ಚಕ್ರ. ನಾಜೂಕಿನ ಫಿಯೆಟ್‌ನಲ್ಲಿ, ಹೆಸರು ಪದ್ಮಿನಿ ಆದ ಮೇಲೂ, ತಿರುಪಿನ ಹುರಿಯಿರುವ ಸ್ಟೇರಿಂಗ್ ಬಾಕ್ಸು. ಬಾಕ್ಸಿನ ತಲೆಯ ಮೇಲೆ ಒಂದು ಅಡ್ಜಸ್ಟ್‌ಮೆಂಟ್ ಸ್ಕ್ರೂ. ಈ ಸ್ಕ್ರೂ ಮಾಡಿಸಿದ ಪಾಪಗಳನ್ನು ಲೆಕ್ಕ ಇಡುವವರಿಲ್ಲ. ಗಿರಾಕಿ ಪ್ಲೇ ಉಂಟು ಅಂದ ಕೂಡಲೇ ಕಾಲು ಸುತ್ತು ಬಿಗಿದು ಕಳಿಸುವುದು ಸುಲಭ. ಹುರಿ ಸವೆದಿರುವುದು ನಡುವಿನಲ್ಲಿ, ನೇರ ಓಡುವಾಗ ಹಲ್ಲು ಕೂರುವ ಜಾಗದಲ್ಲಿ. ಅಲ್ಲಿಗೆ ಬಿಗಿದರೆ ತಿರುವಿನಲ್ಲಿ, ಸವೆಯದ ಜಾಗದಲ್ಲಿ, ಕಚ್ಚಿಕೊಳ್ಳುತ್ತದೆ. ಗಾಡಿ ತಿರುಗಿದ ಮೇಲೆ ಸ್ಟೇರಿಂಗ್ ವಾಪಸು ಬರುವುದಿಲ್ಲ. ಸಡಿಲಾಗಿದ್ದ ಗಾಡಿ ಮೊಂಡಾಯಿತು, ಕೆಟ್ಟದ್ದು ಕೆಟ್ಟ ಹಾಗೆಯೇ ಉಳಿಯಿತು.

ಒಳ್ಳೆಯ ಗ್ಯಾರೇಜಿನ ಕ್ರಮ ಬೇರೆ, ಅದಕ್ಕೆ ಇಬ್ಬರು ಬೇಕು. ಹುಡುಗ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಚೂರೇ ಚೂರು ಆಚೀಚೆ ಅಲ್ಲಾಡಿಸುತ್ತಾನೆ. ಮೇಸ್ತ್ರಿ ಕಾರಿನಡಿ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಾ ಹೋಗುತ್ತಾನೆ. ಒಂದು ಬದಿ ಅಲುಗಿ ಇನ್ನೊಂದು ಬದಿ ಅಲುಗದ ಕೀಲು ಸಿಕ್ಕಿದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಜಾಕಿ ಕೊಟ್ಟು ಗಾಲಿ ಎತ್ತುತ್ತಾರೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬೇರಿಂಗೋ, ಬಾಲ್ ಜಾಯಿಂಟೋ, ಕಿಂಗ್ ಪಿನ್ನೋ. ಆಚೀಚೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಟೈರಾಡ್ ಎಂಡು. ಗಾಲಿಗಳು ಒಂದಕ್ಕೊಂದು ನೇರ ಇವೆಯೇ ಎಂದು ನೋಡಲು ಟೈರಿಗೆ ಸೀಮೆಸುಣ್ಣದ ಗೆರೆ, ಗಾಡಿಯ ಉದ್ದಕ್ಕೂ ಬಿಗಿದ ನೂಲು, ಅಳತೆಗೆ ಒಂದು ಕೋಲು. ನೂಲಿನಲ್ಲಿ ಅಲೈನ್‌ಮೆಂಟ್ ಮಾಡುವ ಕೈಗಳು ಈಗ ಕಡಿಮೆಯಾಗಿವೆ. ಆ ಕೆಲಸದ ತಾಳ್ಮೆಯೂ ಕಡಿಮೆಯಾಗಿದೆ ಎಂಬುದು ಬೇರೆ ಮಾತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹಗುರ ಕಾರು, ಚುರುಕು ಸ್ಟೇರಿಂಗು, 12 ಇಂಚಿನ ಪುಟ್ಟ ರಿಮ್ಮು. ಅದರ ಜೊತೆ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ಬಂತು. ಇದರ ಬಾಲ್ ಜಾಯಿಂಟಿಗೆ, ಟೈರಾಡ್ ಎಂಡಿಗೆ ಗ್ರೀಸ್ ನಿಪ್ಪಲ್ಲೇ ಇಲ್ಲ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ರಬ್ಬರ್ ಬೂಟು ತೊಡಿಸಿ ಮುಚ್ಚಿ ಕಳಿಸಿದ್ದು. ಸವೆದರೆ ಬುಷ್ ಕಡೆಸುವ ಪ್ರಶ್ನೆ ಇಲ್ಲ, ಹೊಸದು ಹಾಕುವುದು. ಲೇತಿನ ಅಂಗಡಿಗೆ ಹೋಗುತ್ತಿದ್ದ ಕೆಲಸ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಯಿತು. ಗ್ರೀಸ್ ಗನ್ ಹಿಡಿದ ಹುಡುಗ ಗಾಡಿಯ ಅಡಿ ತಿಂಗಳಿಗೊಮ್ಮೆ ತಲೆ ಹಾಕುತ್ತಿದ್ದ. ಹಾಕಿದಾಗ ನಾಲ್ಕು ಕೀಲು ನೋಡುತ್ತಿದ್ದ. ಗ್ರೀಸ್ ಬೇಡವಾದ ಮೇಲೆ ನೋಡುವವರೂ ಇಲ್ಲವಾದರು.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ. ಮುರಕಲ್ಲಿನ ನೆಲ, ಕೆಂಪು ಕೆಸರು. ರಬ್ಬರ್ ಬೂಟಿನಲ್ಲಿ ಒಂದು ಸೀಳು ಬಿಟ್ಟರೆ ಸಾಕು, ನೀರು ಒಳಗೆ, ಗ್ರೀಸ್ ಹೊರಗೆ. ನೀರಿನ ಜೊತೆ ಬಂದ ಕೆಂಪು ಮಣ್ಣು ಗ್ರೀಸಿಗೆ ಬೆರೆತು ಉಜ್ಜುವ ಪೇಸ್ಟ್ ಆಗುತ್ತದೆ. ಉಕ್ಕಿನ ಗುಂಡು ಒಂದೆರಡು ಮಳೆಗಾಲದಲ್ಲಿ ತನ್ನ ಬಟ್ಟಲೊಳಗೆ ಲಟಲಟ ಎನ್ನತೊಡಗುತ್ತದೆ. ಸಣ್ಣ ರಸ್ತೆಯಲ್ಲಿ ಅದು ಬರೀ ಶಬ್ದ. ಹೆದ್ದಾರಿಯಲ್ಲಿ ಅದು ಪ್ಲೇ.

ಆ ಹೆದ್ದಾರಿಯ ಅವಸ್ಥೆಯೂ ಚಿಕ್ಕದಲ್ಲ. 2000ದ ದಶಕದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಶಿರಾಡಿ ಇಳಿದು ಬಿ.ಸಿ. ರೋಡ್ ಮೇಲೆ ಪಣಂಬೂರಿನ ನವ ಮಂಗಳೂರು ಬಂದರಿಗೆ ಹರಿಯಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸುವಷ್ಟರಲ್ಲಿ ರಸ್ತೆಯ ಕಥೆ ಮುಗಿದಿತ್ತು. ಹೊಂಡ ತಪ್ಪಿಸುವುದಲ್ಲ, ಯಾವ ಹೊಂಡಕ್ಕೆ ಇಳಿಸುವುದು ಎಂಬ ಆಯ್ಕೆ ಮಾತ್ರ ಉಳಿದಿತ್ತು. ಲೋಯರ್ ಆರ್ಮಿನ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರುಗಳಿಗೆ ಅದು ಮಾರಿಹಬ್ಬ. ಆಮೇಲೆ ಶಿರಾಡಿಗೆ ಕಾಂಕ್ರೀಟ್ ಹಾಸಲು 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಘಾಟಿ ಮುಚ್ಚಿದರು. ಓಡಾಟ ಚಾರ್ಮಾಡಿಯ ಕಡೆ ತಿರುಗಿತು, ಬೆಳ್ತಂಗಡಿಯ ರಸ್ತೆ ಆ ಭಾರ ಹೊತ್ತಿತು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯೇ ಕುಸಿಯಿತು.

ಇಷ್ಟರ ನಡುವೆ ಪಡೀಲಿನಿಂದ ಬಿ.ಸಿ. ರೋಡಿನ ತನಕ ಬಂದರು ಜೋಡಣೆಯ ಯೋಜನೆಯಲ್ಲಿ ನಾಲ್ಕು ಪಥದ ರಸ್ತೆ ಆಯಿತು, ಬ್ರಹ್ಮರಕೂಟ್ಲುವಿನಲ್ಲಿ ಟೋಲ್ ಕೂತಿತು. ವರ್ಷಗಟ್ಟಲೆ ಹೊಂಡದಲ್ಲಿ ಎದ್ದು ಬಿದ್ದ ಕಾರುಗಳಿಗೆ ಮೊದಲ ಸಲ 90, 100ರಲ್ಲಿ ಓಡಲು ಜಾಗ ಸಿಕ್ಕಿತು. ಗ್ಯಾರೇಜುಗಳಿಗೆ ಬರುವ ದೂರಿನ ಧಾಟಿಯೇ ಬದಲಾದದ್ದು ಇಲ್ಲಿ. "ಹೊಂಡಕ್ಕೆ ಬಿದ್ರೆ ಸೌಂಡ್ ಬರ್ತದೆ" ಎನ್ನುತ್ತಿದ್ದವರು "ಎಂಬತ್ತು ದಾಟಿದ್ರೆ ಸ್ಟೇರಿಂಗ್ ನಡುಗ್ತದೆ", "ನೂರರಲ್ಲಿ ಗಾಡಿ ತೇಲಿದ ಹಾಗೆ ಆಗ್ತದೆ" ಎನ್ನತೊಡಗಿದರು. ಹೊಸ ಕಾಯಿಲೆ ಏನಲ್ಲ. ಹಳೆಯ ಕಾಯಿಲೆಗೆ ಒಳ್ಳೆಯ ರಸ್ತೆ ಎಂಬ ಎಕ್ಸ್‌ರೇ ಸಿಕ್ಕಿತ್ತು.

ಗಿರಾಕಿಯ ಬಾಯಲ್ಲಿ ಎಲ್ಲವೂ ಲೂಸ್. ಮೆಕ್ಯಾನಿಕ್‌ಗೆ ಅದು ಕಡಿಮೆಯೆಂದರೆ ನಾಲ್ಕು ಬೇರೆ ಬೇರೆ ಸಂಗತಿ. ನಡುಗುವುದು ಒಂದು. ಇದು ಹೆಚ್ಚಾಗಿ ಸಡಿಲೇ ಅಲ್ಲ, ಗಾಲಿಯ ತೂಕದ ಸಮತೋಲ ತಪ್ಪಿದ್ದು. ಮಾರುತಿ 800ರಂಥ ಕಾರಿನ ಗಾಲಿ 90 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚುಕಡಿಮೆ ಇದ್ದರೆ ಆ ವೇಗದಲ್ಲಿ ಅದು ನಾಲ್ಕು ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ, ಸೆಕೆಂಡಿಗೆ 15 ಸಲ. ಅರ್ಧ ವೇಗದಲ್ಲಿ ಬರೀ ಒಂದು ಕಿಲೋ. ಪೇಟೆಯೊಳಗೆ ಟ್ರಯಲ್ ನೋಡಿ "ಏನೂ ಇಲ್ಲ, ಸರಿ ಉಂಟು" ಎಂದು ಕಳಿಸುವವರು ಸುಳ್ಳು ಹೇಳುವುದಲ್ಲ, ಆ ವೇಗಕ್ಕೆ ಅದು ಕಾಣುವುದೇ ಇಲ್ಲ.

ಒಂದೇ ಬದಿಗೆ ಎಳೆಯುವುದು ಇನ್ನೊಂದು; ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಕೊನೆಗೆ ಅಲೈನ್‌ಮೆಂಟು. ತೇಲುವುದು ಮೂರನೆಯದು, ಇದೇ ಕಷ್ಟದ್ದು. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಓರೆ ಇರುವುದರಿಂದ ಕೈ ಬಿಟ್ಟರೂ ಗಾಲಿ ನೇರ ಓಡಲು ನೋಡುತ್ತದೆ. ಕಾರಿನಲ್ಲೂ ಅಂಥ ಓರೆ ಉಂಟು, ಕಾಸ್ಟರ್. ಲೋಯರ್ ಆರ್ಮಿನ ರಬ್ಬರ್ ಬುಷ್ ಹರಿದರೆ ಗಾಲಿ ಇಡಿಯಾಗಿ ಹಿಂದೆ ಮುಂದೆ ಸರಿದು ಆ ಓರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಮುಂದಿನ ಸ್ಟೇರಿಂಗೇ ಬೈಸಿಕೊಳ್ಳುತ್ತದೆ. ನಾಲ್ಕನೆಯದು ನಿಜವಾದ ಪ್ಲೇ: ಟೈರಾಡ್ ಎಂಡು, ರ್‍ಯಾಕು, ಸ್ಟೇರಿಂಗ್ ಕಂಬದ ಯುನಿವರ್ಸಲ್ ಜಾಯಿಂಟು.

ಈ ನಾಲ್ಕರ ಜೊತೆ ಈಚೆಗೆ ಐದನೆಯದೊಂದು ಸೇರಿದೆ, ಅದು ಕಾಯಿಲೆಯೇ ಅಲ್ಲ. ಅಮೆರಿಕದ ಕ್ರೈಸ್ಲರ್ 1951ರಲ್ಲಿ ಎಣ್ಣೆಯ ಒತ್ತಡದ ಪವರ್ ಸ್ಟೇರಿಂಗನ್ನು ಮಾರಾಟಕ್ಕಿಟ್ಟಿತ್ತು. ವಿದ್ಯುತ್ ಮೋಟಾರಿನ ಪವರ್ ಸ್ಟೇರಿಂಗನ್ನು 1988ರಲ್ಲಿ ಸಣ್ಣ ಕಾರಿಗೆ ತಂದದ್ದು ಜಪಾನಿನ ಸುಜುಕಿ. ಈಗಿನ ಸಣ್ಣ ಕಾರುಗಳಲ್ಲೆಲ್ಲ ಇದೇ. ಇಪ್ಪತ್ತು ವರ್ಷ ಹಳೆಯ ಮಾರುತಿಯನ್ನು ತೋಳ ಬಲದಲ್ಲಿ ತಿರುಗಿಸಿದವರು ಹೊಸ ಕಾರು ತೆಗೆದುಕೊಂಡ ವಾರವೇ ಸ್ಟೇರಿಂಗ್ ಲೂಸ್ ಉಂಟು ಎಂದು ಬರುತ್ತಾರೆ. ಲೂಸ್ ಅಲ್ಲ, ಹಗುರ. ಖಾಲಿ ಜಾಗ ಇರುವುದು ಬೇರೆ, ಭಾರ ಇಲ್ಲದಿರುವುದು ಬೇರೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ಮ್ಯೂಸಿಯಂನಲ್ಲಿ ಒಂದು ಸುತ್ತು ಬಂದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಆ ಕಾರುಗಳ ಸ್ಟೇರಿಂಗ್ ಚಕ್ರ ಪರಾತದಷ್ಟು ದೊಡ್ಡದು. ಅದು ಅಂದಕ್ಕಲ್ಲ, ಸನ್ನೆಗೋಲಿನ ಉದ್ದ ಹೆಚ್ಚಿದಷ್ಟು ಕೈಗೆ ಶ್ರಮ ಕಡಿಮೆ ಎಂಬುದಕ್ಕೆ. ಮೋಟಾರು ಬಂದು ಆ ಶ್ರಮ ಹೊತ್ತ ಮೇಲೆ ಚಕ್ರ ಚಿಕ್ಕದಾಯಿತು, ರಸ್ತೆಯ ಸುದ್ದಿ ಕೈಗೆ ಬರುವುದೂ ಕಡಿಮೆಯಾಯಿತು. ಸವೆದ ಕೀಲು ಈಗ ಮೊದಲಿನಷ್ಟು ಬೇಗ ಚಾಡಿ ಹೇಳುವುದಿಲ್ಲ.

ಕಸುಬು ಕಲಿಯುವ ದಾರಿಯೂ ಬದಲಾಗಿದೆ. ವೇಣೂರಿನಲ್ಲಿ ಎಸ್‌ಡಿಎಂ ಐಟಿಐ ಇದೆ. ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ 1982ರಲ್ಲಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕರಿಗೆ ಸ್ವಂತ ಕಸುಬಿನ ತರಬೇತಿ ಕೊಡುತ್ತಾ ಬಂದಿದೆ, ವಾಹನ ರಿಪೇರಿಯೂ ಅದರಲ್ಲಿ ಸೇರಿದೆ. ನೂಲಿನ ಜಾಗಕ್ಕೆ ಕಂಪ್ಯೂಟರ್ ಅಲೈನ್‌ಮೆಂಟ್ ಬಂದಿದೆ. ಪರದೆಯ ಮೇಲೆ ಕೆಂಪು ಅಂಕಿಗಳು ಹಸಿರಾದರೆ ಗಿರಾಕಿಗೆ ಸಮಾಧಾನ. ಯಂತ್ರದ ತಪ್ಪೇನೂ ಇಲ್ಲ. ಸವೆದ ಬುಷ್ ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಹಸಿರು ಅಂಕಿ ಗೇಟು ದಾಟುವ ತನಕ. ಮೊದಲು ಟೈರಿನ ಗಾಳಿ ಮತ್ತು ತೂಕ, ಆಮೇಲೆ ಬೇರಿಂಗು, ಕೀಲು, ಬುಷ್, ಎಲ್ಲಕ್ಕೂ ಕೊನೆಗೆ ಅಲೈನ್‌ಮೆಂಟ್. ಈ ಸರದಿಯನ್ನು ತಲೆಕೆಳಗು ಮಾಡಿದ ಬಿಲ್ಲುಗಳನ್ನು ಗಿರಾಕಿಗಳು ವರ್ಷವಿಡೀ ಕಟ್ಟುತ್ತಲೇ ಇದ್ದಾರೆ.

98ನೆಯ ನಿಯಮದಲ್ಲಿ 30 ಡಿಗ್ರಿಯ ಪಕ್ಕದಲ್ಲೇ ಇನ್ನೊಂದು ಮಾತು ಇದೆ, ಯಾರೂ ಓದುವುದಿಲ್ಲ: ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಲೇಬೇಕು. ಡಿಗ್ರಿಯ ವಿಷಯದಲ್ಲಿ ಉದಾರಿಯಾದ ಕಾನೂನು ರಬ್ಬರಿನ ವಿಷಯದಲ್ಲಿ ಸರಿಯಾಗಿಯೇ ಬಿಗಿ ಹಿಡಿದಿದೆ. ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಮುಂಚೆ, ಮೊದಲ ಮಳೆ ಬೀಳುವ ಮೊದಲು, ಕಾರನ್ನು ಎತ್ತಿಸಿ ಎರಡೂ ಬದಿಯ ಟೈರಾಡ್ ಎಂಡಿನ ಬೂಟು ಹರಿದಿದೆಯೇ ಎಂದು ಟಾರ್ಚು ಹಾಕಿ ನೋಡಿಸಿಕೊಳ್ಳಿ. ಐದು ನಿಮಿಷದ ಕೆಲಸ.